ದಕ್ಷಿಣ ಲುವಾಂಗ್ವಾ ರಾಷ್ಟ್ರೀಯ ಉದ್ಯಾನ

ದಕ್ಷಿಣ ಲುವಾಂಗ್ವಾ ರಾಷ್ಟ್ರೀಯ ಉದ್ಯಾನವು ಆಫ್ರಿಕಾ ಖಂಡದ ಜಾಂಬಿಯಾ ದೇಶದ ಪೂರ್ವ ಭಾಗದಲ್ಲಿರುವ ಒಂದು ಸಂರಕ್ಷಿತ ಅರಣ್ಯ ಪ್ರದೇಶ. ಇದರ ವಿಸ್ತೀರ್ಣ ಸುಮಾರು 9,050 ಚದರ ಕಿಲೋಮೀಟರ್. ವಾಹನವನ್ನು ಬಿಟ್ಟು ಕಾಲ್ನಡಿಗೆಯಲ್ಲಿ ವನ್ಯಜೀವಿಗಳನ್ನು ನೋಡುವ 'ನಡಿಗೆ ಸಫಾರಿ'ಯು ಪ್ರವಾಸೋದ್ಯಮವಾಗಿ ರೂಪುಗೊಂಡ ಸ್ಥಳವೆಂದು ಇದು ಪ್ರಸಿದ್ಧವಾಗಿದೆ. 'ಸಫಾರಿ' ಎಂಬುದು ಪ್ರಯಾಣ ಎಂಬ ಅರ್ಥದ ಸ್ವಾಹಿಲಿ ಪದ. ಇದರ ಮೂಲ ಅರಬ್ಬಿ ಭಾಷೆಯಲ್ಲಿದೆ. ಹಿಂದಿ ಮತ್ತು ಉರ್ದುವಿನ 'ಸಫರ್' ಕೂಡ ಅದೇ ಮೂಲದ್ದು.

ಭೌಗೋಳಿಕ ಹಿನ್ನೆಲೆ

ಉದ್ಯಾನದ ಪಶ್ಚಿಮಕ್ಕೆ ಮುಚಿಂಗಾ ಎಂಬ ಕಡಿದಾದ ಬೆಟ್ಟಸಾಲು ಇದೆ. ಪೂರ್ವದ ಗಡಿಯ ಬಹುಭಾಗ ಲುವಾಂಗ್ವಾ ನದಿಯೇ ಆಗಿದ್ದು, ನ್ಸೆಫು ವಿಭಾಗ ಮಾತ್ರ ನದಿಯ ಪೂರ್ವ ದಡದಲ್ಲಿದೆ. ಲುವಾಂಗ್ವಾ ನದಿಯು ದಕ್ಷಿಣಕ್ಕೆ ಹರಿದು ಜಾಂಬೆಜಿ ನದಿಯನ್ನು ಸೇರುತ್ತದೆ. ಈ ನದಿ ಮಳೆಗಾಲದಲ್ಲಿ ಉಕ್ಕಿ ಹರಿದು ದಡವನ್ನು ಕೊರೆಯುತ್ತ ತನ್ನ ಪಾತ್ರವನ್ನು ಬದಲಿಸುತ್ತಿರುತ್ತದೆ. ಹೀಗೆ ಬೇರ್ಪಟ್ಟ ಹಳೆಯ ತಿರುವುಗಳು ಕುದುರೆ ಲಾಳಾಕಾರದ ಸರೋವರಗಳಾಗಿ ಉಳಿದಿವೆ. ಬೇಸಿಗೆಯಲ್ಲಿ ಪ್ರಾಣಿಗಳು ಇಂತಹ ಮಡುಗಳನ್ನೂ ನದಿಯನ್ನೂ ಆಶ್ರಯಿಸುವುದರಿಂದ ಅವುಗಳನ್ನು ಸಮೀಪದಿಂದ ಕಾಣುವುದು ಸಾಧ್ಯವಾಗುತ್ತದೆ.

ನವೆಂಬರ್‌ನಿಂದ ಏಪ್ರಿಲ್‌ವರೆಗೆ ಇಲ್ಲಿ ಮಳೆಗಾಲ. ಆಗ ಒಳಭಾಗದ ಅನೇಕ ಮಣ್ಣಿನ ದಾರಿಗಳು ಮುಳುಗುವುದರಿಂದ ದೂರದ ಶಿಬಿರಗಳನ್ನು ಮುಚ್ಚಲಾಗುತ್ತದೆ. ಅಕ್ಟೋಬರ್ ತಿಂಗಳು ಅತ್ಯಂತ ಸೆಕೆಯ ಕಾಲ. ಉದ್ಯಾನದ ಮುಖ್ಯ ಪ್ರವೇಶದ್ವಾರ ಮ್ಫುವೆಯಲ್ಲಿದ್ದು, ಅಲ್ಲಿ ವಿಮಾನ ನಿಲ್ದಾಣವಿದೆ. ಚಿಪಾಟಾ ನಗರದಿಂದ ರಸ್ತೆಯ ಮೂಲಕವೂ ಬರಬಹುದು.

ವನ್ಯಜೀವಿಗಳು

ಆನೆ, ಸಿಂಹ, ಆಫ್ರಿಕಾದ ಕಾಡೆಮ್ಮೆ, ಕತ್ತೆಕಿರುಬ, ಕಾಡುನಾಯಿ ಮತ್ತು ಮೊಸಳೆಗಳು ಇಲ್ಲಿವೆ. ಚಿರತೆಗಳನ್ನು ಕಾಣಲು ಇದು ಆಫ್ರಿಕಾದ ಉತ್ತಮ ತಾಣಗಳಲ್ಲೊಂದು. ನೀರಾನೆಗಳ ಸಂಖ್ಯೆ ಬಹಳ ಹೆಚ್ಚು. ನೀರು ಇಳಿದಾಗ ಉಳಿದ ಮಡುಗಳಲ್ಲಿ ಅವು ಒತ್ತೊತ್ತಾಗಿ ಸೇರುತ್ತವೆ. ಥಾರ್ನಿಕ್ರಾಫ್ಟ್ ಜಿರಾಫೆ ಲುವಾಂಗ್ವಾ ಕಣಿವೆಯನ್ನು ಬಿಟ್ಟರೆ ಬೇರೆಲ್ಲಿಯೂ ಸಹಜ ನೆಲೆ ಹೊಂದಿಲ್ಲ. ಸೆಪ್ಟೆಂಬರ್ ವೇಳೆಗೆ ಕಡುಗೆಂಪು ಬಣ್ಣದ ಕಳ್ಳಿಪೀರ ಜಾತಿಯ ಹಕ್ಕಿಗಳು ನದಿಯ ಕಡಿದಾದ ದಂಡೆಗಳಲ್ಲಿ ಬಿಲ ಕೊರೆದು ಗುಂಪುಗುಂಪಾಗಿ ಮೊಟ್ಟೆಯಿಡುತ್ತವೆ.

ಇತಿಹಾಸ

ದೇಶವು ಉತ್ತರ ರೊಡೇಷಿಯಾ ಎಂಬ ಹೆಸರಿನಲ್ಲಿ ಬ್ರಿಟಿಷರ ಆಡಳಿತದಲ್ಲಿದ್ದಾಗ, 1938ರಲ್ಲಿ ಇಲ್ಲಿ ವನ್ಯಮೃಗ ರಕ್ಷಿತ ಪ್ರದೇಶ ಸ್ಥಾಪನೆಯಾಯಿತು. 1950ರಲ್ಲಿ ನಾರ್ಮನ್ ಕಾರ್ ಎಂಬ ವನ್ಯಜೀವಿ ಅಧಿಕಾರಿಯು ಕುಂದಾ ಜನಾಂಗದ ಮುಖ್ಯಸ್ಥ ನ್ಸೆಫು ಅವರನ್ನು ಒಪ್ಪಿಸಿ, ಸಮುದಾಯದ ಭೂಮಿಯ ಒಂದು ಭಾಗವನ್ನು ಪ್ರಾಣಿಗಳಿಗಾಗಿ ಮೀಸಲಿಡುವಂತೆ ಮಾಡಿದರು. ಅಲ್ಲಿ ಪ್ರವಾಸಿಗರ ಶಿಬಿರವನ್ನು ಕಟ್ಟಿ, ಅದರ ಆದಾಯವನ್ನು ಸ್ಥಳೀಯರಿಗೆ ತಲುಪಿಸುವ ವ್ಯವಸ್ಥೆ ಮಾಡಲಾಯಿತು. ಜೀವಂತ ಪ್ರಾಣಿಯಿಂದ ಊರಿನವರಿಗೆ ಲಾಭವಾಗದಿದ್ದರೆ ಕಾಡು ಉಳಿಯದು ಎಂಬುದು ಈ ಕ್ರಮದ ಹಿಂದಿನ ವಿಚಾರ. ಮುಂದೆ ಕಾರ್ ಅವರು ಬಂದೂಕಿನ ಬೇಟೆಗೆ ಬದಲಾಗಿ, ನೋಡಿ ತಿಳಿಯುವುದಕ್ಕಾಗಿ ನಡೆಯುವ ಸಫಾರಿಗಳನ್ನು ರೂಢಿಗೆ ತಂದರು. ಅವರು 1997ರಲ್ಲಿ ನಿಧನರಾದರು. 1972ರಲ್ಲಿ ಈ ಪ್ರದೇಶಕ್ಕೆ ರಾಷ್ಟ್ರೀಯ ಉದ್ಯಾನದ ಸ್ಥಾನ ದೊರೆಯಿತು.

ನಡಿಗೆ ಸಫಾರಿ

ನಡಿಗೆಯು ಸಾಮಾನ್ಯವಾಗಿ ಬೆಳಗಿನ ತಂಪು ಹೊತ್ತಿನಲ್ಲಿ ಆರಂಭವಾಗುತ್ತದೆ. ಸಣ್ಣ ಗುಂಪು ಒಂದೇ ಸಾಲಿನಲ್ಲಿ ಸಾಗುತ್ತದೆ. ಮುಂದೆ ಬಂದೂಕುಧಾರಿ ಅರಣ್ಯ ರಕ್ಷಕ, ಅವರ ಹಿಂದೆ ಮಾರ್ಗದರ್ಶಿ, ನಂತರ ಪ್ರವಾಸಿಗರು ಇರುತ್ತಾರೆ. ಬಂದೂಕು ಇರುವುದು ಕೊನೆಯ ಉಪಾಯವಾಗಿ ಮಾತ್ರ. ಅದನ್ನು ಬಳಸುವ ಸಂದರ್ಭ ಬಾರದಂತೆ ನೋಡಿಕೊಳ್ಳುವುದೇ ಮಾರ್ಗದರ್ಶಿಯ ಕೌಶಲ. ಪ್ರಾಣಿಗಳಿಗೆ ಮನುಷ್ಯನ ವಾಸನೆ ತಾಗದಂತೆ ಗಾಳಿಗೆ ಎದುರಾಗಿ ನಡೆಯುವುದು, ಪೊದೆಗಳಿಂದ ದೂರವಿರುವುದು, ನೀರಾನೆ ಮತ್ತು ನೀರಿನ ನಡುವೆ ಅಡ್ಡ ನಿಲ್ಲದಿರುವುದು, ಪ್ರಾಣಿ ಎದುರಾದಾಗ ಓಡದಿರುವುದು ಮುಖ್ಯ ನಿಯಮಗಳು. ಕಾಡಿಗೆ ಹೊಂದುವ ಮಂಕು ಬಣ್ಣದ ಉಡುಪು ಧರಿಸಬೇಕು. ನೀಲಿ ಮತ್ತು ಕಪ್ಪು ಬಣ್ಣಗಳು ತ್ಸೆತ್ಸೆ ನೊಣಗಳನ್ನು ಆಕರ್ಷಿಸುತ್ತವೆ.

ವಾಹನದಿಂದ ಕಾಣದ ಸೂಕ್ಷ್ಮ ಸಂಗತಿಗಳೇ ಈ ಸಫಾರಿಯ ಮುಖ್ಯ ಆಕರ್ಷಣೆ. ಹೆಜ್ಜೆಗುರುತು, ಲದ್ದಿ, ಗೆದ್ದಲಿನ ಹುತ್ತ, ಮರದ ತೊಗಟೆಯ ಮೇಲಿನ ಉಜ್ಜಿದ ಗುರುತು, ಹಕ್ಕಿಗಳ ಎಚ್ಚರಿಕೆಯ ಕೂಗು ಮೊದಲಾದವುಗಳಿಂದ ಯಾವ ಪ್ರಾಣಿ, ಯಾವಾಗ, ಯಾವ ದಿಕ್ಕಿಗೆ ಹೋಯಿತೆಂಬುದನ್ನು ಮಾರ್ಗದರ್ಶಿಗಳು ಊಹಿಸುತ್ತಾರೆ.

ಸಂರಕ್ಷಣೆಯ ಸವಾಲುಗಳು

1970 ಮತ್ತು 1980ರ ದಶಕಗಳಲ್ಲಿ ದಂತ ಮತ್ತು ಕೊಂಬಿಗಾಗಿ ನಡೆದ ಕಳ್ಳಬೇಟೆಯಿಂದ ಕಣಿವೆಯ ಆನೆಗಳ ಸಂಖ್ಯೆ ತೀವ್ರವಾಗಿ ಕುಸಿಯಿತು. ಒಂದು ಕಾಲದಲ್ಲಿ ಇಲ್ಲಿ ಧಾರಾಳವಾಗಿದ್ದ ಕಪ್ಪು ಖಡ್ಗಮೃಗ ಪೂರ್ತಿ ಅಳಿದುಹೋಯಿತು. 1998ರಲ್ಲಿ ಅದು ಇಡೀ ಜಾಂಬಿಯಾದಲ್ಲಿ ನಾಶವಾಗಿದೆಯೆಂದು ಘೋಷಿಸಲಾಯಿತು. 2003ರಿಂದ ನೆರೆಯ ಉತ್ತರ ಲುವಾಂಗ್ವಾ ಉದ್ಯಾನದಲ್ಲಿ ಹೊರಗಿನಿಂದ ತಂದ ಖಡ್ಗಮೃಗಗಳನ್ನು ಮತ್ತೆ ನೆಲೆಗೊಳಿಸಲಾಗುತ್ತಿದೆ. ದಕ್ಷಿಣ ಲುವಾಂಗ್ವಾದ ಪ್ರವಾಸಿಗರಿಗೆ ಅವುಗಳ ದರ್ಶನವಿಲ್ಲ.

ಮಾಂಸಕ್ಕಾಗಿ ಒಡ್ಡುವ ತಂತಿಯ ಉರುಳುಗಳು ಇಂದಿಗೂ ದೊಡ್ಡ ಸಮಸ್ಯೆ. ಜಿಂಕೆಗಾಗಿ ಹಾಕಿದ ಉರುಳಿಗೆ ಸಿಂಹ, ಕಾಡುನಾಯಿ, ಆನೆಮರಿಗಳೂ ಸಿಕ್ಕಿಬೀಳುತ್ತವೆ. ಉದ್ಯಾನಕ್ಕೆ ಬೇಲಿ ಇಲ್ಲದ ಕಾರಣ ಆನೆಗಳು ನದಿ ದಾಟಿ ಹಳ್ಳಿಗಳ ಮೆಕ್ಕೆಜೋಳದ ಹೊಲಗಳಿಗೆ ನುಗ್ಗುತ್ತವೆ. ವರ್ಷದ ಬೆಳೆಯನ್ನು ಒಂದೇ ರಾತ್ರಿಯಲ್ಲಿ ಕಳೆದುಕೊಳ್ಳುವ ರೈತರಿಗೆ ಸಂರಕ್ಷಣೆಯ ಹೊರೆ ನೇರವಾಗಿ ತಟ್ಟುತ್ತದೆ. ಆನೆಗಳನ್ನು ದೂರವಿಡಲು ಮೆಣಸಿನಕಾಯಿ ಲೇಪಿಸಿದ ಬೇಲಿ, ಮೆಣಸಿನ ಹೊಗೆ ಮೊದಲಾದ ವಿಧಾನಗಳನ್ನು ಬಳಸಲಾಗುತ್ತಿದೆ. ಪ್ರವಾಸೋದ್ಯಮವು ಮ್ಫುವೆ ಸುತ್ತಲಿನ ಅನೇಕರಿಗೆ ಉದ್ಯೋಗ ನೀಡಿದೆ. 1950ರಲ್ಲಿ ನ್ಸೆಫು ಶಿಬಿರ ಮುಂದಿಟ್ಟ ಪ್ರಶ್ನೆ, ಅಂದರೆ ಕಾಡಿನ ಲಾಭವನ್ನು ಕಾಡಿನಂಚಿನ ಜನರಿಗೆ ನ್ಯಾಯವಾಗಿ ಹಂಚುವುದು ಹೇಗೆಂಬುದು, ಉದ್ಯಾನದ ಭವಿಷ್ಯಕ್ಕೆ ಇಂದಿಗೂ ನಿರ್ಣಾಯಕವಾಗಿದೆ.