ಅಮರರ ಮರಣ: ಗ್ರೀಕ್ ಪುರಾಣ ಮತ್ತು ಪಂಪನ ಆದಿಪುರಾಣ

ಹೈದರಾಬಾದಿನ ಸುಲ್ತಾನ್ ಬಜಾರ್ ಹಿಂದೆ ರೆಸಿಡೆನ್ಸಿ ಬಜಾರ್ ಎನಿಸಿಕೊಂಡಿದ್ದ ಪ್ರದೇಶ. ಅದರ ನೆರೆಯ ಬ್ರಿಟಿಷ್ ರೆಸಿಡೆನ್ಸಿಯ ಮುಖಮಂಟಪದಲ್ಲಿ ಕೊರಿಂಥಿಯನ್ ಶೈಲಿಯ ಕಂಬಗಳು ಸಾಲುಗಟ್ಟಿ ನಿಂತಿವೆ. 19ನೆಯ ಶತಮಾನದ ಆರಂಭದಲ್ಲಿ ಆ ಕಟ್ಟಡವನ್ನು ಕಟ್ಟಿಸಿದ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್‌ನ ಹೆಸರಿನಲ್ಲಿಯೂ ಗ್ರೀಕ್ ವೀರನೊಬ್ಬನಿದ್ದಾನೆ. ದೇವತೆಯ ಮಗನಾಗಿಯೂ ಸಾವನ್ನು ತಪ್ಪಿಸಿಕೊಳ್ಳಲಾಗದ ವೀರ. ಇಲ್ಲಿಂದ ಸುಮಾರು 150 ಕಿ.ಮೀ. ದೂರದಲ್ಲಿ ಪಂಪನ ಆಶ್ರಯದಾತ ಅರಿಕೇಸರಿಯ ರಾಜಧಾನಿ ವೇಮುಲವಾಡವಿದೆ. ಪಂಪನ ತಮ್ಮ ಜಿನವಲ್ಲಭನು ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳಲ್ಲಿ ಬರೆಸಿದ ಕುರಿಕ್ಯಾಲ ಶಾಸನವೂ ಇದೇ ತೆಲಂಗಾಣದ್ದು. ದೇವತೆಗಳಿಗೆ ಸಾವುಂಟೇ ಎಂಬ ಪ್ರಶ್ನೆಗೆ ಗ್ರೀಕರೂ ಪಂಪನೂ ಕೊಟ್ಟ ಉತ್ತರಗಳನ್ನು ಹೋಲಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಹೋಮರನಲ್ಲಿ ದೇವರಿಗೂ ಮನುಷ್ಯರಿಗೂ ನಡುವಣ ಗೆರೆ ಸಾವೇ. ದೇವತೆಗಳ ಮೈಯಲ್ಲಿ ಹರಿಯುವುದು ರಕ್ತವಲ್ಲ, 'ಇಕೋರ್' ಎಂಬ ದ್ರವ. ಅವರ ಆಹಾರವಾದ 'ಅಂಬ್ರೋಸಿಯ' ಮತ್ತು ನಮ್ಮ 'ಅಮೃತ' ಒಂದೇ ಮೂಲದ ಶಬ್ದಗಳು; ಎರಡರ ಅರ್ಥವೂ ಸಾವಿಲ್ಲದ್ದು ಎಂದೇ. ಆದರೂ ಈ ಗೆರೆ ಅಲ್ಲಲ್ಲಿ ನಡುಗುತ್ತದೆ. ದೈತ್ಯರಿಬ್ಬರು ಯುದ್ಧದೇವತೆ ಆರೀಸನನ್ನು 13 ತಿಂಗಳು ಕಂಚಿನ ಹಂಡೆಯಲ್ಲಿ ಬಂಧಿಸಿಟ್ಟಾಗ ಅವನು ನಾಶವಾಗಿಬಿಡುತ್ತಿದ್ದನೆಂದು 'ಇಲಿಯಡ್' ಹೇಳುತ್ತದೆ. ವಿಷದ ಬಾಣ ತಾಗಿದ ಕೈರಾನ್ ನೋವು ತಾಳಲಾರದೆ ತನ್ನ ಅಮರತ್ವವನ್ನೇ ಬಿಟ್ಟುಕೊಡುತ್ತಾನೆ. ಉಷೆಯ ಪ್ರಿಯನಾದ ಟಿಥೋನಸನಿಗೆ ಅಮರತ್ವ ದೊರೆಯಿತು, ಯೌವನ ದೊರೆಯಲಿಲ್ಲ. ಇವು ಅಪವಾದಗಳು. ಒಟ್ಟಿನಲ್ಲಿ ಒಲಿಂಪಸ್ಸಿನ ದೇವತೆಗಳು ನೋಯುತ್ತಾರೆ, ಸೋಲುತ್ತಾರೆ, ಸಾಯುವುದಿಲ್ಲ.

ಪಂಪನು ಕ್ರಿ.ಶ. 941ರಲ್ಲಿ ರಚಿಸಿದ 'ಆದಿಪುರಾಣ'ದ ಜಗತ್ತು ಬೇರೆ. ಜೈನದರ್ಶನದಲ್ಲಿ ದೇವಗತಿಯೂ ಸಂಸಾರದ ನಾಲ್ಕು ಗತಿಗಳಲ್ಲಿ ಒಂದು. ಅಲ್ಲಿನ ಆಯುಷ್ಯ ಎಷ್ಟೇ ದೀರ್ಘವಾದರೂ ಮಿತವಾದುದು. ಈಶಾನಕಲ್ಪದ ಲಲಿತಾಂಗದೇವನು ಸ್ವಯಂಪ್ರಭೆಯೊಡನೆ ಸುಖದಲ್ಲಿ ಮೈಮರೆತಿರುವಾಗ ಅವನ ಕೊರಳ ಮಾಲೆ ಬಾಡುತ್ತದೆ. ಉಳಿದ ಆಯುಷ್ಯ ಆರು ತಿಂಗಳು ಎಂಬುದರ ಸೂಚನೆಯದು. ಅವನು ಕಂಗೆಡುತ್ತಾನೆ, ಇತರ ದೇವತೆಗಳು ಸಂತೈಸಬೇಕಾಗುತ್ತದೆ. ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಪುನರ್ಜನ್ಮದ ನಂಬಿಕೆ ಸಾವಿನ ಮೊನೆಯನ್ನು ಮೊಂಡು ಮಾಡುತ್ತದೆ, ಆದ್ದರಿಂದ ನಮ್ಮ ಸಾಹಿತ್ಯದಲ್ಲಿ ದುರಂತಕ್ಕೆ ಎಡೆಯಿಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಲಲಿತಾಂಗನಿಗೆ ಮತ್ತೊಂದು ಜನ್ಮವಿದೆ. ಆದರೆ ಅವನ ದುಃಖ ಅದರಿಂದ ಕಿರಿದಾಗುವುದಿಲ್ಲ. ಅವನು ಕಳೆದುಕೊಳ್ಳುವುದು ಈ ಜನ್ಮದ ಪ್ರೀತಿಯನ್ನು.

ಲಲಿತಾಂಗನ ಜೀವವೇ ಹಲವು ಭವಗಳ ಅನಂತರ ಪುರುದೇವನಾಗಿ ಹುಟ್ಟುತ್ತದೆ. ಅವನ ಮುಂದೆ ನೀಲಾಂಜನೆಯ ನೃತ್ಯ ನಡೆಯುತ್ತದೆ. ಆಡುತ್ತಿದ್ದಂತೆಯೇ ಆ ದೇವನರ್ತಕಿಯ ಆಯುಷ್ಯ ಮುಗಿಯುತ್ತದೆ. ರಸಭಂಗವಾಗದಂತೆ ಇಂದ್ರನು ಅವಳಂತೆಯೇ ಇರುವ ಇನ್ನೊಬ್ಬಳನ್ನು ಸೃಷ್ಟಿಸಿ ನಿಲ್ಲಿಸುತ್ತಾನೆ. ಸಭೆ ಅದನ್ನು ಅರಿಯುವುದಿಲ್ಲ, ಅರಿತವನು ಪುರುದೇವನೊಬ್ಬನೇ. ವೈರಾಗ್ಯ ಹುಟ್ಟುವುದು ಆ ಅರಿವಿನಲ್ಲಿ. ಒಮ್ಮೆ ತನ್ನ ಮಾಲೆ ಬಾಡಿದ್ದಕ್ಕೆ ಅತ್ತ ಜೀವ ಈಗ ಇನ್ನೊಬ್ಬಳ ಸಾವನ್ನು ಕಂಡು ಎಚ್ಚರಗೊಳ್ಳುತ್ತದೆ. ಎರಡು ಪ್ರಸಂಗಗಳನ್ನು ಬಿಡಿಬಿಡಿಯಾಗಿ ಓದಿದರೆ ಈ ಸಂಬಂಧ ತಪ್ಪಿಹೋಗುತ್ತದೆ.

ಕ್ರಿ.ಪೂ. 428ರ ಯೂರಿಪಿಡೀಸನ 'ಹಿಪ್ಪೊಲಿಟಸ್' ನಾಟಕದ ಕೊನೆಯನ್ನು ಇದರೊಡನೆ ಇಟ್ಟು ನೋಡಬಹುದು. ತನ್ನ ಪರಮಭಕ್ತನು ಪ್ರಾಣ ಬಿಡುತ್ತಿರುವಾಗ ಆರ್ಟೆಮಿಸ್ ದೇವತೆ ಅಲ್ಲಿಂದ ಹೊರಟುಹೋಗುತ್ತಾಳೆ. ಸಾವನ್ನು ನೋಡಿ ಕಣ್ಣು ಮೈಲಿಗೆ ಮಾಡಿಕೊಳ್ಳುವುದು ಅಮರರಿಗೆ ಸಲ್ಲದು. ಗ್ರೀಕ್ ದೇವತೆ ಸಾವಿನಿಂದ ಮುಖ ತಿರುಗಿಸುತ್ತಾಳೆ. ಪಂಪನ ಇಂದ್ರ ಸಾವನ್ನು ಮರೆಮಾಡುತ್ತಾನೆ. ಪುರುದೇವ ಅದನ್ನು ನೇರವಾಗಿ ನೋಡುತ್ತಾನೆ. ಗ್ರೀಕರಲ್ಲಿ ಸಾವು ಮನುಷ್ಯನಿಗಷ್ಟೇ ಮೀಸಲು, ಅವನ ಘನತೆಯೂ ಅದರಿಂದಲೇ. ಪಂಪನಲ್ಲಿ ಅದು ಸ್ವರ್ಗಕ್ಕೂ ಚಾಚಿಕೊಂಡಿರುವುದರಿಂದ, ಗೆಲ್ಲಬೇಕಾದುದು ದೇವಪದವಿಯನ್ನಲ್ಲ, ಹುಟ್ಟುಸಾವುಗಳ ಸರಣಿಯನ್ನೇ.

ಈ ಎರಡು ದೃಷ್ಟಿಗಳು ಆಧುನಿಕ ಕನ್ನಡದಲ್ಲಿ ಎದುರುಬದುರಾದುದೂ ಉಂಟು. ಬಿ.ಎಂ.ಶ್ರೀಯವರು ಸೋಫೋಕ್ಲೀಸನ 'ಏಜಾಕ್ಸ್' ನಾಟಕವನ್ನು ಆಧರಿಸಿ 1929ರಲ್ಲಿ 'ಅಶ್ವತ್ಥಾಮನ್' ಪ್ರಕಟಿಸಿದಾಗ, ಚಿರಂಜೀವಿಯೊಬ್ಬನು ರಂಗದ ಮೇಲೆ ಆತ್ಮಹತ್ಯೆ ಮಾಡಿಕೊಂಡನು. ವ್ಯಾಸಭಾರತದಲ್ಲಿ ಅಶ್ವತ್ಥಾಮನಿಗೆ ಬದುಕಿಯೇ ಇರುವುದು ಶಾಪ. ಗ್ರೀಕ್ ನಾಟಕದ ಅಚ್ಚಿನಲ್ಲಿ ಸಾವೇ ಅವನ ಮಾನವನ್ನು ಕಾಯುತ್ತದೆ. ಪರಂಪರೆಗೆ ಇದು ವಿರುದ್ಧವೆಂದು ಆಕ್ಷೇಪಿಸುವುದು ಸುಲಭ. ಆದರೆ ಅಮರತ್ವವನ್ನು ಪರಮಪದವೆಂದು ಒಪ್ಪದಿರುವ ಮನೋಧರ್ಮ ಕನ್ನಡಕ್ಕೆ ಹೊರಗಿನಿಂದ ಬಂದುದಲ್ಲ. ಸಾವಿರ ವರ್ಷಗಳ ಹಿಂದೆಯೇ ಅದು ಬಾಡಿದ ಮಾಲೆಯೊಂದರಲ್ಲಿ ರೂಪುಗೊಂಡಿತ್ತು. ನಮ್ಮ ದುರಂತಪ್ರಜ್ಞೆಯ ಚರಿತ್ರೆಯನ್ನು ಬರೆಯುವವರು 1929ರಿಂದಲ್ಲ, 941ರಿಂದ ಆರಂಭಿಸುವುದು ಯುಕ್ತ.