ಪಟ್ಟೆ ಕಲ್ಲಲ್ಲಿ ಚಿನ್ನ ಇದೆಯಾ?

ಬದು ಕಟ್ಟೋಕೆ ಅಂತ ಕೆಜಿಎಫ್ ಕಡೆ ಇರೋ ನೆಂಟರ ಜಮೀನಲ್ಲಿ ಕಲ್ಲು ಆಯ್ತಾ ಇದ್ದೆ. ತೆಂಗಿನಕಾಯಿ ಗಾತ್ರದ ಒಂದು ಕಲ್ಲು ಸಿಕ್ತು. ಎತ್ತಿದ್ರೆ ಗಾತ್ರಕ್ಕೆ ಮೀರಿದ ಭಾರ. ಕಪ್ಪು, ಕೆಂಪು, ಬೂದು ಪಟ್ಟೆಗಳು ಒಂದರ ಮೇಲೊಂದು, ಸೀರೆ ಅಂಚಿನ ಹಾಗೆ. ಸುತ್ತಿಗೇಲಿ ಹೊಡೆದ್ರೆ ಸುತ್ತಿಗೆ ಎಗರ್ತು, ಕಲ್ಲು ಒಡೀಲಿಲ್ಲ.

ಕ್ಯಾಸಂಬಳ್ಳಿಗೆ ತಂದಿದ್ದೇ ತಡ, ಎಲ್ಲರದೂ ಒಂದೇ ಮಾತು: "ಮಡಗಣ್ಣ, ಚಿನ್ನ ಇರ್ತದೆ." ಪಕ್ಕದ ಹೊಲದವರ ಹತ್ರಾನೂ ಇಂಥದ್ದೇ ಕಲ್ಲಿದೆ. ಯಾರೋ ಬಂದು ಪಟ್ಟೆ ನೋಡಿ, ಟೆಸ್ಟ್ ಮಾಡಿಸ್ತೀನಿ, ಮುಂಗಡ ಕೊಡಿ ಅಂದಿದ್ದಾರಂತೆ. ಟೊಮೆಟೊಗೆ ರೇಟಿಲ್ಲದ ಹೊತ್ತಲ್ಲಿ ಯಾರಿಗಾದ್ರೂ ಆಸೆ ಆಗ್ತದೆ. ಅದಕ್ಕೇ ಇದನ್ನ ಬರೀತಾ ಇದ್ದೀನಿ.

ಹಳೇ ಸ್ಪೀಕರಿನ ಅಯಸ್ಕಾಂತ ಹಿಡಿದೆ, ಕಪ್ಪು ಪಟ್ಟೆಗೆ ಅಂಟ್ತು. ಟೈಲ್ಸಿನ ಹಿಂಬದಿಗೆ ಕೆಂಪು ಪಟ್ಟೆ ಉಜ್ಜಿದೆ, ಇಟ್ಟಿಗೆ ಪುಡಿಯಂಥ ಗೀರು ಬಿತ್ತು. ಅಂದ್ರೆ ಇದು ಕಬ್ಬಿಣದ ಪಟ್ಟೆ ಶಿಲೆ. ನಡುವಿನ ಬೂದು ಪದರ ಬೆಣಚು, ಗಟ್ಟಿತನ ಅದರದ್ದು. ಗಣಿ ಇರೋ ಶಿಲಾಪಟ್ಟಿ ಉತ್ತರ ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಉದ್ದ, ಅಗಲ ಕೆಲವೇ ಕಿಲೋಮೀಟರ್. ಸುಮಾರು 270 ಕೋಟಿ ವರ್ಷದ ಹಿಂದೆ ಇಲ್ಲಿ ಸಮುದ್ರ, ಅದರ ತಳದಲ್ಲಿ ಲಾವಾ. ಆ ನೀರಲ್ಲಿ ಕರಗಿದ್ದ ಕಬ್ಬಿಣ ಒಂದು ಪದರ, ಸಿಲಿಕಾ ಒಂದು ಪದರ, ಹೀಗೆ ತಳಕ್ಕೆ ಕೂತು ಈ ಕಲ್ಲಾಯ್ತು. ನಮ್ಮ ಬಂಡೆಗಳಲ್ಲಿ ಕಾಣೋ ಬಿಳಿ ಕಪ್ಪು ಪಟ್ಟೆ ಬೇರೆ. ಅದು ನೈಸ್ ಶಿಲೆ, ಹರಳು ಕಣ್ಣಿಗೆ ಕಾಣ್ತವೆ, ಹೆಚ್ಚಾಗಿ ಅಯಸ್ಕಾಂತಕ್ಕೆ ಜಗ್ಗಲ್ಲ.

ಹಾಗಾದ್ರೆ ಚಿನ್ನ ಹೇಗೆ ಸಿಕ್ತು? ಪಟ್ಟೆ ನೋಡಿ ಅಲ್ಲ. 1802ರಲ್ಲಿ ಗಡಿ ಅಳೆಯೋಕೆ ಬಂದ ಲೆಫ್ಟಿನೆಂಟ್ ವಾರನ್, ಚಿನ್ನದ ಸುದ್ದಿ ಕೇಳಿ ಬಹುಮಾನ ಸಾರಿದ. ಊರಿಗಾಂ ಕಡೆ ಜನ ಗಾಡಿಯಲ್ಲಿ ಮಣ್ಣು ತಂದು, ಅವನ ಎದುರೇ ತೊಳೆದು ಚಿನ್ನದ ಪುಡಿ ತೋರಿಸಿದ್ರು. ಕಾಗದದಲ್ಲಿ ಉಳಿದಿದ್ದು ವಾರನ್ ಹೆಸರು, ಮಣ್ಣು ತೊಳೆದವರದ್ದಲ್ಲ! 1870ರ ದಶಕದಲ್ಲಿ ಲವೆಲ್ ಗಣಿ ಹಕ್ಕು ಪಡೆದ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯವರ ದುಡ್ಡು ಮುಗೀತಾ ಬಂದಿತ್ತು; ನಮ್ಮ ಹಿಂದಿನವರು ತೋಡಿದ್ದ ಹಳೇ ಗುಂಡಿಗಳ ಕೆಳಗೇ ಅಗೆದಾಗ ಚಾಂಪಿಯನ್ ರೀಫ್ ಸಿಕ್ತು. ಅದು ನೀಲಿ ಬೂದು ಬಣ್ಣದ ಬೆಣಚು. ಅದರಲ್ಲೂ ಚಿನ್ನ ಬಹುಪಾಲು ಕಣ್ಣಿಗೆ ಕಾಣ್ತಿರಲಿಲ್ಲ, ಅರೆದು ತೆಗೀಬೇಕಿತ್ತು. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು.

ಅಯಸ್ಕಾಂತ ಕಲ್ಲು ಯಾವುದು ಅಂತ ಹೇಳ್ತದೆ, ಚಿನ್ನ ಇಲ್ಲ ಅಂತ ಹೇಳಲ್ಲ. ಆದ್ರೆ ಪಟ್ಟೆ ನೋಡಿ ಇದೆ ಅನ್ನೋನಿಗೂ ಅದು ಗೊತ್ತಿರಲ್ಲ. ಪಕ್ಕದ ಹೊಲದವರು ಮುಂಗಡ ಇನ್ನೂ ಕೊಟ್ಟಿಲ್ಲ, ಅಯಸ್ಕಾಂತ ಒಯ್ದಿದ್ದಾರೆ. ನನ್ನ ಕಲ್ಲು ಬದುವಿನ ಮೂಲೇಲಿದೆ, ಬಂದ್ರೆ ಎತ್ತಿ ನೋಡಿ.