ಓದಲು ಬಂದವರ ನಗರಗಳು

ನಮ್ಮ ಧರ್ಮಕೇಂದ್ರಗಳ ಮನೆಗಳಿಂದ ಮಕ್ಕಳು ಉನ್ನತ ವ್ಯಾಸಂಗಕ್ಕೆಂದು ಹೊರದೇಶಗಳಿಗೆ ಹೋಗುವುದು ಈಗ ಅಪರೂಪದ ಸಂಗತಿಯಲ್ಲ. ಪದವಿಯ ನಡುವೆ ಒಂದೇ ಒಂದು ಸೆಮಿಸ್ಟರನ್ನು ಇಟಲಿಯಲ್ಲಿ ಕಳೆದು ಬರುವವರೂ ಇದ್ದಾರೆ. ಮಗಳನ್ನೋ ಮಗನನ್ನೋ ನೋಡುವ ನೆಪದಲ್ಲಿ ತಂದೆತಾಯಿ ಹೊರಡುತ್ತಾರೆ. ಕೆಲವೊಮ್ಮೆ ರೋಮ್ ನೋಡಬೇಕೆಂಬ ಬಾಳಿನ ಹಂಬಲವನ್ನು ಹೊತ್ತ ಅಜ್ಜಿಯೂ ಜೊತೆಗೂಡುತ್ತಾರೆ. ಹತ್ತು ದಿನಗಳಲ್ಲಿ ವೆನಿಸ್, ಫ್ಲಾರೆನ್ಸ್, ರೋಮ್ ಮುಗಿಯುತ್ತವೆ. ನೂರಾರು ಛಾಯಾಚಿತ್ರಗಳು ಉಳಿಯುತ್ತವೆ.

ಅಂಥ ಪ್ರವಾಸಕ್ಕೆ ಸಿದ್ಧರಾಗುತ್ತಿರುವ ಕುಟುಂಬಗಳಿಗಾಗಿ ಈ ಬರಹ. ಆ ನಗರಗಳ ಕಥೆಯಲ್ಲಿ ಚಕ್ರವರ್ತಿಗಳಿಗೂ ಶಿಲ್ಪಿಗಳಿಗೂ ದೊಡ್ಡ ಪಾಲಿದೆ, ನಿಜ. ಆದರೆ ದೂರದ ಊರುಗಳಿಂದ ಓದಲು ಬಂದು, ಬಾಡಿಗೆಯ ಕೋಣೆಗಳಲ್ಲಿ ಉಳಿದು, ಮನೆಗೆ ಪತ್ರ ಬರೆಯುತ್ತಿದ್ದ ತರುಣರಿಗೂ ಅಲ್ಲೊಂದು ಪಾಲಿದೆ. ನಿಮ್ಮ ಮಗು ಇಂದು ನಡೆಯುತ್ತಿರುವ ದಾರಿಯಲ್ಲಿ ಒಂಬೈನೂರು ವರ್ಷಗಳಿಂದ ಪರದೇಶದ ಮಕ್ಕಳು ನಡೆದಿದ್ದಾರೆ. ಅವರ ಹಿಂದೆ, ಮನೆಯಲ್ಲಿ, ಆತಂಕದಿಂದ ಕಾದ ಹೆತ್ತವರಿದ್ದರು. ಆ ಕಣ್ಣಿನಿಂದ ನೋಡಿದರೆ ನಗರಗಳು ಬೇರೆಯಾಗಿ ಕಾಣುತ್ತವೆ.

ನಮ್ಮವರ ಪ್ರವಾಸಪಟ್ಟಿಯಲ್ಲಿ ಬೊಲೋನಿಯಾ ಇರುವುದು ಕಡಿಮೆ. ವೆನಿಸ್ಸಿನಿಂದ ಫ್ಲಾರೆನ್ಸಿಗೆ ಹೋಗುವ ರೈಲು ಅದರ ಮೂಲಕವೇ ಹಾದುಹೋಗುತ್ತದೆ, ಇಳಿಯುವವರು ಕೆಲವರು. ನೀವು ದಯವಿಟ್ಟು ಇಳಿಯಿರಿ. ಯುರೋಪಿನ ಅತಿ ಹಳೆಯ ವಿಶ್ವವಿದ್ಯಾಲಯ ಅಲ್ಲಿದೆ. ಅದರ ಹುಟ್ಟಿದ ವರ್ಷ 1088 ಎನ್ನುವುದು ವಾಡಿಕೆ. ಈ ವರ್ಷವನ್ನು ಗೊತ್ತುಪಡಿಸಿದವರು 19ನೇ ಶತಮಾನದ ವಿದ್ವಾಂಸರು. 1088ರಲ್ಲಿ ಯಾರೂ ಅಡಿಗಲ್ಲು ಇಟ್ಟಿರಲಿಲ್ಲ, ಉದ್ಘಾಟನಾ ಭಾಷಣ ಮಾಡಿರಲಿಲ್ಲ. ಪ್ರಾಚೀನ ರೋಮನ್ ಕಾನೂನನ್ನು ಬಲ್ಲ ಕೆಲವು ಗುರುಗಳು ಆ ಊರಿನಲ್ಲಿದ್ದರು, ಅವರನ್ನು ಹುಡುಕಿಕೊಂಡು ವಿದ್ಯಾರ್ಥಿಗಳು ಬಂದರು, ಅಷ್ಟೆ. ಸುಮಾರು 1140ರಲ್ಲಿ ಗ್ರೇಷಿಯನ್ ಎಂಬ ವಿದ್ವಾಂಸರು ಧರ್ಮಸಭೆಯ ಕಟ್ಟಳೆಗಳನ್ನೆಲ್ಲ ಕಲೆಹಾಕಿ ಸಿದ್ಧಪಡಿಸಿದ ಮಹಾಸಂಗ್ರಹವೂ ಇದೇ ನಗರದ ಕೊಡುಗೆ. ಆಲ್ಪ್ಸ್ ಪರ್ವತಗಳನ್ನು ಕಾಲ್ನಡೆಯಲ್ಲೋ ಹೇಸರಗತ್ತೆಯ ಮೇಲೋ ದಾಟಿ ಜರ್ಮನರು, ಫ್ರೆಂಚರು, ಇಂಗ್ಲಿಷರು ಇಲ್ಲಿಗೆ ಬರತೊಡಗಿದರು.

ಹೀಗೆ ಬಂದವನ ಸ್ಥಿತಿ ಹೇಗಿತ್ತೆಂಬುದನ್ನು ಸ್ವಲ್ಪ ಊಹಿಸಿ. ಅಂದಿನ ನಗರಗಳಲ್ಲಿ ಪರದೇಶಿಗೆ ಕಾನೂನಿನ ರಕ್ಷಣೆ ಇರಲಿಲ್ಲ. ಒಬ್ಬ ಜರ್ಮನ್ ವಿದ್ಯಾರ್ಥಿ ಸಾಲ ತೀರಿಸದೆ ಊರು ಬಿಟ್ಟರೆ, ಸಾಲ ಕೊಟ್ಟವನು ಬೇರೊಬ್ಬ ಜರ್ಮನ್ ವಿದ್ಯಾರ್ಥಿಯ ಪುಸ್ತಕ, ಬಟ್ಟೆಗಳನ್ನು ವಶಪಡಿಸಿಕೊಳ್ಳಬಹುದಿತ್ತು. ಇಬ್ಬರಿಗೂ ಮುಖಪರಿಚಯವೇ ಇಲ್ಲದಿದ್ದರೂ ಸರಿ, ಒಂದೇ ನಾಡಿನವರು ಎಂಬ ಕಾರಣ ಸಾಕಾಗಿತ್ತು. 1158ರ ಸುಮಾರಿಗೆ ಚಕ್ರವರ್ತಿ ಒಂದನೇ ಫ್ರೆಡರಿಕ್ ಬಾರ್ಬರೋಸಾ ಈ ಅನ್ಯಾಯವನ್ನು ನಿಷೇಧಿಸುವ ಶಾಸನವನ್ನು ಹೊರಡಿಸಿದನು. ವಿದ್ಯೆಗಾಗಿ ಮನೆ ತೊರೆದು ಬಂದವರು ನಿರ್ಭಯವಾಗಿ ಸಂಚರಿಸಬೇಕು, ಅವರ ಮೇಲೆ ದೂರು ಬಂದರೆ ಅವರ ಗುರುಗಳೋ ಆ ಊರಿನ ಧರ್ಮಾಧ್ಯಕ್ಷರೋ ವಿಚಾರಣೆ ನಡೆಸಬೇಕು ಎಂಬುದು ಅದರ ಸಾರ. ಇಂದು ನಿಮ್ಮ ಮಗಳ ಪಾಸ್‌ಪೋರ್ಟಿನಲ್ಲಿ ಅಂಟಿಸಿರುವ ವಿದ್ಯಾರ್ಥಿ ವೀಸಾದ ದೂರದ ಅಜ್ಜನೆಂದರೆ ಈ ಶಾಸನವೇ ಎಂದು ನನಗೆ ತೋರುತ್ತದೆ.

ಶಾಸನವೊಂದನ್ನೇ ನಂಬಿ ವಿದ್ಯಾರ್ಥಿಗಳು ಸುಮ್ಮನಿರಲಿಲ್ಲ. ತಮ್ಮ ತಮ್ಮ ನಾಡಿನ ಹೆಸರಿನಲ್ಲಿ ಸಂಘಗಳನ್ನು ಕಟ್ಟಿಕೊಂಡು, ತಮ್ಮೊಳಗಿಂದಲೇ ಮುಖ್ಯಸ್ಥನನ್ನು ಆರಿಸಿಕೊಂಡರು. ಗುರುಗಳಿಗೆ ಸಂಬಳ ಕೊಡುತ್ತಿದ್ದವರು ಅವರೇ. ಪಾಠವನ್ನು ತಡವಾಗಿ ಆರಂಭಿಸಿದ, ಗಂಟೆ ಮೀರಿ ಮಾತನಾಡಿದ ಗುರುಗಳಿಗೆ ದಂಡ ವಿಧಿಸುತ್ತಿದ್ದರು. ನಮ್ಮ ಕಾಲೇಜು ಮಕ್ಕಳು ಇದನ್ನೋದಿ ಹಿಗ್ಗಬಹುದು. ಅಧ್ಯಾಪಕರು ನನ್ನನ್ನು ಕ್ಷಮಿಸಲಿ.

ಬೊಲೋನಿಯಾದ ಬೀದಿಗಳ ಇಕ್ಕೆಲಗಳಲ್ಲಿ ಕಮಾನುಗಳ ಮೊಗಸಾಲೆ ಉದ್ದಕ್ಕೂ ಹಬ್ಬಿದೆ. ಮಳೆ ಸುರಿದರೂ ಕೊಡೆಯಿಲ್ಲದೆ ಊರು ಸುತ್ತಬಹುದು. ವಿದ್ಯಾರ್ಥಿಗಳೂ ಕುಶಲಕರ್ಮಿಗಳೂ ಬಂದು ತುಂಬಿದಂತೆ ಜಾಗ ಸಾಲದಾಯಿತು. ಜನರು ಮಹಡಿಯ ಕೋಣೆಗಳನ್ನು ಬೀದಿಯ ಮೇಲಕ್ಕೆ ಚಾಚಿ ಕಟ್ಟಿದರು, ಅವಕ್ಕೆ ಆಧಾರವಾಗಿ ಕಂಬ ಕೊಟ್ಟರು. 1288ರಲ್ಲಿ ನಗರಸಭೆಯೇ ಕಾನೂನು ಮಾಡಿ ಮನೆಗಳಿಗೆ ಇಂಥ ಮೊಗಸಾಲೆಯನ್ನು ಕಡ್ಡಾಯಗೊಳಿಸಿತು. ಒಟ್ಟು 62 ಕಿಲೋಮೀಟರ್ ಉದ್ದದ ಈ ಮೊಗಸಾಲೆಗಳು 2021ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಅಜ್ಜಿಯ ಕಾಲಲ್ಲಿ ಶಕ್ತಿಯಿದ್ದರೆ, ಊರಾಚೆಯ ಗುಡ್ಡದ ಮೇಲಿನ ಸಂತ ಲೂಕರ ಮಾತೆಯ ಪುಣ್ಯಕ್ಷೇತ್ರಕ್ಕೆ ಸುಮಾರು ನಾಲ್ಕು ಕಿಲೋಮೀಟರ್ ಏರುವ ಮೊಗಸಾಲೆಯಲ್ಲಿ ಜಪಮಾಲೆ ಹೇಳುತ್ತಾ ನಡೆಯಬಹುದು. ವಿಶ್ವವಿದ್ಯಾಲಯದ ಹಳೆಯ ಕಟ್ಟಡದ ಗೋಡೆ, ಚಾವಣಿಗಳ ತುಂಬ ವಿದ್ಯಾರ್ಥಿಗಳ ವಂಶಲಾಂಛನಗಳಿವೆ. ಇಂದು ಉಳಿದಿರುವುದೇ ಸುಮಾರು 6000. ಹೆಚ್ಚಿನವರ ಬಗ್ಗೆ ಇತಿಹಾಸ ಮತ್ತೇನನ್ನೂ ಹೇಳುವುದಿಲ್ಲ.

ಬೊಲೋನಿಯಾದಿಂದ ಉತ್ತರಕ್ಕೆ ರೈಲಿನಲ್ಲಿ ಒಂದು ಗಂಟೆಯ ದಾರಿ ಪಾದುವಾ. ಕನ್ನಡ ನಾಡಿನ ಕಥೋಲಿಕರಿಗೆ ಆ ಹೆಸರನ್ನು ಪರಿಚಯಿಸಬೇಕಾಗಿಲ್ಲ. ಆದರೆ ಸಂತ ಅಂತೋಣಿಯವರೂ ಅಲ್ಲಿಗೆ ಹೊರಗಿನಿಂದ ಬಂದವರು ಎಂಬುದನ್ನು ನಾವು ಮರೆಯುತ್ತೇವೆ. ಹುಟ್ಟಿದ್ದು ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ. ಅಸಿಸಿಯ ಸಂತ ಫ್ರಾನ್ಸಿಸರ ಅನುಮತಿ ಪಡೆದು ಬೊಲೋನಿಯಾದಲ್ಲಿ ಸಹೋದರರಿಗೆ ದೈವಶಾಸ್ತ್ರ ಕಲಿಸಿದವರು ಅವರು. 1222ರಲ್ಲಿ ಬೊಲೋನಿಯಾದಿಂದ ಸಿಡಿದು ಬಂದ ಗುರುಶಿಷ್ಯರು ಪಾದುವಾದಲ್ಲಿ ಹೊಸ ವಿಶ್ವವಿದ್ಯಾಲಯವನ್ನು ಆರಂಭಿಸಿದ್ದರು. ಒಂಬತ್ತು ವರ್ಷಗಳ ನಂತರ ಅದೇ ನಗರದಲ್ಲಿ ಅಂತೋಣಿಯವರ ತಪಸ್ಸುಕಾಲದ ಪ್ರವಚನಗಳಿಗೆ ಜನಸಾಗರ ಸೇರಿತು. 1231ರ ಮಾರ್ಚ್ ತಿಂಗಳಲ್ಲಿ, ಅವರ ಕೋರಿಕೆಯ ಮೇರೆಗೆ, ಪಾದುವಾ ನಗರಸಭೆ ಒಂದು ಕಾನೂನು ಮಾಡಿತು: ಸಾಲಗಾರನು ತನ್ನ ಆಸ್ತಿಯನ್ನು ಒಪ್ಪಿಸಿದರೆ ಆತನನ್ನು ಸೆರೆಯಲ್ಲಿ ಇಡುವಂತಿಲ್ಲ. ಅದೇ ಜೂನ್ 13ರಂದು ಅಂತೋಣಿಯವರು ದೈವಾಧೀನರಾದರು. ಕಳೆದುಹೋದ ವಸ್ತುಗಳಿಗಾಗಿ ಅವರನ್ನು ಬೇಡುವ ನಾವು, ಸಾಲದ ಸೆರೆಮನೆಯ ಬಾಗಿಲು ತೆರೆಸಿದ ಈ ಅಂತೋಣಿಯವರನ್ನು ಅಷ್ಟಾಗಿ ನೆನೆಯುವುದಿಲ್ಲ.

ಪಾದುವಾದ ವಿದ್ಯಾರ್ಥಿಗಳಲ್ಲಿ ಇಬ್ಬರ ಕಥೆಯನ್ನು ವಿವರವಾಗಿ ಹೇಳಬೇಕು.

1588ರಲ್ಲಿ ಸವೊಯ್ ಪ್ರಾಂತ್ಯದ ಒಬ್ಬ ಶ್ರೀಮಂತನ ಮಗ ಕಾನೂನು ಓದಲು ಅಲ್ಲಿಗೆ ಬಂದನು. ಮಗ ನ್ಯಾಯವಾದಿಯಾಗಬೇಕು, ಸೆನೆಟ್ ಸದಸ್ಯನಾಗಬೇಕು, ಒಳ್ಳೆಯ ಮನೆತನದ ಹುಡುಗಿಯನ್ನು ಮದುವೆಯಾಗಬೇಕು ಎಂಬುದು ತಂದೆಯ ಲೆಕ್ಕಾಚಾರ. ಮಗನ ಮನಸ್ಸು ಗುರುದೀಕ್ಷೆಯ ಕಡೆಗಿತ್ತು. 1590ರ ಕೊನೆಯ ಹೊತ್ತಿಗೆ ಆತನಿಗೆ ತೀವ್ರ ಜ್ವರ ಬಂದಿತು, ವೈದ್ಯರು ಕೈಚೆಲ್ಲಿದರು. ಶವಸಂಸ್ಕಾರವನ್ನು ಹೇಗೆ ಮಾಡಬೇಕೆಂದು ಜೊತೆಗಿದ್ದ ಬೋಧಕರು ಕಣ್ಣೀರಿನಿಂದ ಕೇಳಿದಾಗ, ತನ್ನ ದೇಹವನ್ನು ವೈದ್ಯಕೀಯ ವಿದ್ಯಾರ್ಥಿಗಳಿಗೆ ಕೊಟ್ಟುಬಿಡಿ ಎಂದನು. ಕಾರಣವಿತ್ತು. ಶವಚ್ಛೇದನಕ್ಕೆ ದೇಹಗಳು ಸಿಗದೆ ಪಾದುವಾದ ವಿದ್ಯಾರ್ಥಿಗಳು ಸಮಾಧಿಗಳಿಂದ ಶವ ಕದಿಯುತ್ತಿದ್ದರು. ಸತ್ತವರ ಬಂಧುಗಳಿಗೂ ವಿದ್ಯಾರ್ಥಿಗಳಿಗೂ ನಡೆಯುವ ಹೊಡೆದಾಟಗಳಲ್ಲಿ ರಕ್ತ ಹರಿಯುತ್ತಿತ್ತು. ಬದುಕಿರುವಾಗ ಉಪಯೋಗಕ್ಕೆ ಬಾರದಿದ್ದರೂ ಸತ್ತ ಮೇಲಾದರೂ ಒಂದು ಜಗಳವನ್ನು ತಪ್ಪಿಸಬಹುದಲ್ಲ ಎಂಬುದು ಇಪ್ಪತ್ತಮೂರು ವರ್ಷದ ಆ ತರುಣನ ಆಲೋಚನೆ. ಆತ ಚೇತರಿಸಿಕೊಂಡನು. 1591ರ ಸೆಪ್ಟೆಂಬರ್ 5ರಂದು ನಾಗರಿಕ ಕಾನೂನು ಮತ್ತು ಧರ್ಮಸಭೆಯ ಕಾನೂನು ಎರಡರಲ್ಲೂ ಡಾಕ್ಟರೇಟ್ ಪಡೆದನು. ಮನೆಗೆ ಮರಳಿ ಎರಡು ವರ್ಷಗಳಾಗುವಷ್ಟರಲ್ಲಿ ಗುರುವಾದನು. ಅವರೇ ಸಂತ ಫ್ರಾನ್ಸಿಸ್ ದ ಸೇಲ್ಸ್. 1923ರಿಂದ ಕಥೋಲಿಕ ಬರಹಗಾರರ ಪಾಲಕ ಸಂತರು, ಆದ್ದರಿಂದ ಈ ಬಗೆಯ ಮಾಸಪತ್ರಿಕೆಗಳಿಗೂ ಪಾಲಕರು. ಅವರು ಪಾದುವಾ ಬಿಟ್ಟ ಕೆಲವೇ ವರ್ಷಗಳಲ್ಲಿ, 1595ರಲ್ಲಿ, ಅಲ್ಲಿ ಕಟ್ಟಿದ ಮರದ ಶವಚ್ಛೇದನ ಮಂದಿರ ಈಗಲೂ ಇದೆ. ಬಾವಿಯಂಥ ಇಕ್ಕಟ್ಟಿನ ಜಾಗದ ಸುತ್ತ ಆರು ಸುತ್ತು ಮೆಟ್ಟಿಲುಗಳು. ವಿದ್ಯಾರ್ಥಿಗಳು ನಿಂತೇ ನೋಡಬೇಕಿತ್ತು.

ಅದೇ ವಿಶ್ವವಿದ್ಯಾಲಯದ ಮೆಟ್ಟಿಲುಗಳ ಬುಡದಲ್ಲಿ ಒಬ್ಬ ಮಹಿಳೆಯ ಪ್ರತಿಮೆ ಇದೆ. ನಿಮ್ಮ ಮಗಳನ್ನು ಅಲ್ಲಿ ಒಂದು ಕ್ಷಣ ನಿಲ್ಲಿಸಿ. ವೆನಿಸ್ಸಿನ ಎಲೆನಾ ಕೊರ್ನಾರೊ ಪಿಸ್ಕೋಪಿಯಾ ಬೆನೆಡಿಕ್ಟೀನ್ ಸಭೆಯ ವ್ರತಗಳನ್ನು ಮನೆಯಲ್ಲಿದ್ದುಕೊಂಡೇ ಪಾಲಿಸುತ್ತಿದ್ದ, ಹಲವು ಭಾಷೆಗಳನ್ನು ಬಲ್ಲ ವಿದುಷಿ. ಆಕೆಗಾಗಿ ದೈವಶಾಸ್ತ್ರದ ಡಾಕ್ಟರೇಟ್ ಪರೀಕ್ಷೆಗೆ ಅರ್ಜಿ ಸಲ್ಲಿಸಲಾಯಿತು. ಪಾದುವಾದ ಧರ್ಮಾಧ್ಯಕ್ಷರಾದ ಗ್ರೆಗೋರಿಯೊ ಬಾರ್ಬರಿಗೊ, ಹೆಣ್ಣಿಗೆ ಆ ಪದವಿ ಸಲ್ಲದು ಎಂದು ನಿರಾಕರಿಸಿದರು. ಕೊನೆಗೆ ತತ್ವಶಾಸ್ತ್ರದಲ್ಲಾದರೆ ಆಗಬಹುದು ಎಂದು ಒಪ್ಪಂದವಾಯಿತು. 1678ರ ಜೂನ್ 25ರಂದು, ವಿಶ್ವವಿದ್ಯಾಲಯದ ಸಭಾಂಗಣ ಸಾಲದಷ್ಟು ಜನ ಸೇರಿದ್ದರಿಂದ, ಪರೀಕ್ಷೆ ಪ್ರಧಾನಾಲಯದಲ್ಲಿ ನಡೆಯಿತು. ಅರಿಸ್ಟಾಟಲನ ಗ್ರಂಥಭಾಗಗಳನ್ನು ಆಕೆ ಲ್ಯಾಟಿನ್ ಭಾಷೆಯಲ್ಲಿ ನಿರರ್ಗಳವಾಗಿ ವಿವರಿಸಿ ಪದವಿಯನ್ನು ಪಡೆದರು. ತತ್ವಶಾಸ್ತ್ರದ ಡಾಕ್ಟರೇಟ್ ಪಡೆದ ಮೊದಲ ಮಹಿಳೆ ಅವರು. ಇಟಲಿಯಲ್ಲಿ ಇನ್ನೊಬ್ಬ ಮಹಿಳೆಗೆ, ಬೊಲೋನಿಯಾದ ಲೌರಾ ಬಾಸ್ಸಿಗೆ, ಅಂಥ ಪದವಿ ದೊರೆತದ್ದು 1732ರಲ್ಲಿ. ಬಾರ್ಬರಿಗೊ ಅವರು ಬಡವರ ಸೇವೆಯಲ್ಲೂ ಗುರುವಿದ್ಯಾಮಂದಿರದ ಸುಧಾರಣೆಯಲ್ಲೂ ಹೆಸರಾದವರು, 1960ರಲ್ಲಿ ಸಂತಪದವಿಗೇರಿದವರು. ಸಂತರೂ ತಮ್ಮ ಕಾಲದ ಗೋಡೆಯೊಳಗೆ ನಿಂತು ಬಾಗಿಲು ಮುಚ್ಚಿದ್ದುಂಟು. ಇದನ್ನು ಮಕ್ಕಳಿಂದ ಮರೆಮಾಚುವುದರಿಂದ ವಿಶ್ವಾಸವೇನೂ ಬಲಗೊಳ್ಳುವುದಿಲ್ಲ ಎಂದು ನಾನು ನಂಬುತ್ತೇನೆ.

ಫ್ಲಾರೆನ್ಸ್ ಬಗ್ಗೆ ಪುಸ್ತಕಗಳು ಬೇಕಾದಷ್ಟಿವೆ; ಗುಮ್ಮಟ, ದಾವೀದನ ಪ್ರತಿಮೆ, ಚಿತ್ರಶಾಲೆಗಳನ್ನು ನಿಮಗೆ ಯಾರಾದರೂ ತೋರಿಸುತ್ತಾರೆ. ನಾನು ಒಂದು ನೆರೆಯನ್ನು ಮಾತ್ರ ನೆನಪಿಸುತ್ತೇನೆ. 1966ರ ನವೆಂಬರ್ 4ರಂದು ಬೆಳಗಿನ ಜಾವ ಆರ್ನೊ ನದಿ ದಡ ಮೀರಿ ನಗರಕ್ಕೆ ನುಗ್ಗಿತು. ಮನೆಗಳನ್ನು ಬೆಚ್ಚಗಿಡಲು ನೆಲಮಾಳಿಗೆಗಳಲ್ಲಿ ಶೇಖರಿಸಿದ್ದ ಎಣ್ಣೆ ಕೆಸರಿನೊಡನೆ ಬೆರೆತು, ಕಪ್ಪು ರಾಡಿಯಾಗಿ ದೇವಾಲಯಗಳನ್ನೂ ಗ್ರಂಥಾಲಯಗಳನ್ನೂ ತುಂಬಿತು. ಸಾಂತಾ ಕ್ರೋಚೆ ದೇವಾಲಯದ ವಸ್ತುಸಂಗ್ರಹದಲ್ಲಿದ್ದ ಚಿಮಾಬುವೆಯ ಮಹಾ ಶಿಲುಬೆಯ ಬಣ್ಣದಲ್ಲಿ ಅರ್ಧಕ್ಕಿಂತ ಹೆಚ್ಚು ಕಳಚಿಹೋಯಿತು. ಸನಿಹದ ರಾಷ್ಟ್ರೀಯ ಗ್ರಂಥಾಲಯದಲ್ಲಿ ಲಕ್ಷಾಂತರ ಪುಸ್ತಕಗಳು ಮುಳುಗಿದವು.

ಆಗ ಮೊದಲು ಕೆಸರಿಗಿಳಿದವರಲ್ಲಿ ವಿದ್ಯಾರ್ಥಿಗಳಿದ್ದರು. ಇಟಲಿಯ ಬೇರೆ ಊರುಗಳಿಂದ ಬಂದವರು, ಅಮೆರಿಕ ಮತ್ತು ಯುರೋಪಿನ ನಾಡುಗಳಿಂದ ಕೆಲವು ತಿಂಗಳ ವ್ಯಾಸಂಗಕ್ಕೆಂದು ಫ್ಲಾರೆನ್ಸಿನಲ್ಲಿ ಇದ್ದವರು, ಸುದ್ದಿ ಕೇಳಿ ಸಿಕ್ಕ ವಾಹನ ಹತ್ತಿ ಬಂದವರು. ಯಾರೂ ಅವರನ್ನು ಕರೆದಿರಲಿಲ್ಲ. ಗ್ರಂಥಾಲಯದ ನೆಲಮಾಳಿಗೆಯಿಂದ ಮಹಡಿಯವರೆಗೆ ಸಾಲಾಗಿ ನಿಂತು, ದುರ್ನಾತಕ್ಕೆ ಮುಖವಾಡ ಕಟ್ಟಿಕೊಂಡು, ಒದ್ದೆ ಪುಸ್ತಕಗಳನ್ನು ಕೈಯಿಂದ ಕೈಗೆ ದಾಟಿಸಿದರು. ಊರಿನವರು ಅವರನ್ನು ‘ಕೆಸರಿನ ದೂತರು’ ಎಂದು ಕರೆದರು. ಆ ವರ್ಷದ ಕ್ರಿಸ್ಮಸ್ ರಾತ್ರಿಯ ಬಲಿಪೂಜೆಯನ್ನು ಅರ್ಪಿಸಲು ಜಗದ್ಗುರು ಆರನೇ ಪೌಲರು ರೋಮ್ ಬಿಟ್ಟು ಫ್ಲಾರೆನ್ಸಿನ ಪ್ರಧಾನಾಲಯಕ್ಕೆ ಬಂದರು. ನೆರೆಯಲ್ಲಿ ನೆನೆದುಹೋಗಿದ್ದ ವಸಾರಿಯ ಅಂತಿಮ ಭೋಜನದ ಚಿತ್ರವು ದುರಸ್ತಿಯಾಗಿ ಸಾಂತಾ ಕ್ರೋಚೆಗೆ ಮರಳಿದ್ದು 2016ರಲ್ಲಿ, ಐವತ್ತು ವರ್ಷಗಳ ತರುವಾಯ. ಅದನ್ನು ನೋಡುವಾಗ, ಪರೀಕ್ಷೆಯ ಅಂಕಗಳಿಗಾಗಿ ಬಂದು ಕೆಸರು ಹೊತ್ತು ಹೋದ ಆ ಹುಡುಗ ಹುಡುಗಿಯರನ್ನೂ ನೆನೆಯಿರಿ.

ಇನ್ನು ರೋಮ್. ಸಂತ ಪೇತ್ರರ ಮಹಾದೇವಾಲಯದಲ್ಲಿ ಪ್ರಾರ್ಥಿಸಿದ ಮೇಲೆ, ಒಂದು ಸಂಜೆಯನ್ನು ಸಂತ ಇಗ್ನಾಸಿಯವರ ದೇವಾಲಯಕ್ಕಾಗಿ ಉಳಿಸಿಕೊಳ್ಳಿ. ಮಧ್ಯಾಹ್ನ ಅಲ್ಲಿನ ಹಲವು ದೇವಾಲಯಗಳು ಬಾಗಿಲು ಹಾಕುತ್ತವೆ, ಆದ್ದರಿಂದ ಸಂಜೆಯೇ ಲೇಸು. ಮಕ್ಕಳು ಮೊದಲು ತಲೆಯೆತ್ತಿ ಗುಮ್ಮಟವನ್ನು ನೋಡುತ್ತಾರೆ. ಅದು ಗುಮ್ಮಟವೇ ಅಲ್ಲ, ಚಪ್ಪಟೆ ಬಟ್ಟೆಯ ಮೇಲೆ ಬರೆದ ಚಿತ್ರ. 1685ರಲ್ಲಿ ಅದನ್ನು ಬರೆದವರು ಯೇಸುಸಭೆಯ ಸಹೋದರ ಆಂಡ್ರೆಯಾ ಪೊಜ್ಜೊ. ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯವನ್ನು ಕಂಡವರಿಗೆ ಈ ಬಣ್ಣ, ಈ ಕಣ್ಕಟ್ಟು ಎಲ್ಲೋ ನೋಡಿದಂತೆ ಅನಿಸಿದರೆ ಆಶ್ಚರ್ಯವಿಲ್ಲ. 1878ರಲ್ಲಿ ಮಂಗಳೂರಿಗೆ ಬಂದವರು ವೆನಿಸ್ ಪ್ರಾಂತ್ಯದ ಯೇಸುಸಭೆಯ ಗುರುಗಳು. 1880ರಲ್ಲಿ ಅವರು ಆರಂಭಿಸಿದ ಕಾಲೇಜಿನ ಪ್ರಾರ್ಥನಾಲಯಕ್ಕೆ ಆ ಶತಮಾನದ ಕೊನೆಯಲ್ಲಿ ಬಣ್ಣ ತುಂಬಿದವರು ಬೆರ್ಗಾಮೊ ಸೀಮೆಯ ಅಂತೋನಿಯೊ ಮೊಸ್ಕೇನಿ, ಅವರೂ ಯೇಸುಸಭೆಯ ಸಹೋದರರೇ. ಅಲ್ಲಿನ ಚಾವಣಿಯಲ್ಲಿ ಯಾವ ವಿದ್ಯಾರ್ಥಿಯ ಬಾಳು ಚಿತ್ರಿತವಾಗಿದೆಯೋ ಆ ವಿದ್ಯಾರ್ಥಿಯ ಸಮಾಧಿ ಇಲ್ಲಿ, ಈ ದೇವಾಲಯದ ಬಲಬದಿಯ ಪೀಠದ ಕೆಳಗೆ, ನೀಲಿಕಲ್ಲಿನ ಪೆಟ್ಟಿಗೆಯಲ್ಲಿದೆ.

ಅಲೋಶಿಯಸ್ ಗೊನ್ಜಾಗ ಉತ್ತರ ಇಟಲಿಯ ಪಾಳೆಯಗಾರ ಮನೆತನದ ಹಿರಿಯ ಮಗ. ಸೈನ್ಯಾಧಿಕಾರಿಯಾಗಿದ್ದ ತಂದೆಯ ವಿರೋಧವನ್ನು ವರ್ಷಗಟ್ಟಲೆ ಸಹಿಸಿ, ಹಕ್ಕುಪತ್ರಗಳನ್ನು ತಮ್ಮನಿಗೆ ಬರೆದುಕೊಟ್ಟು, 1585ರಲ್ಲಿ ರೋಮಿಗೆ ಬಂದು ಯೇಸುಸಭೆ ಸೇರಿದರು. ದೇವಾಲಯಕ್ಕೆ ಅಂಟಿಕೊಂಡಿರುವ ರೋಮನ್ ಕಾಲೇಜಿನಲ್ಲಿ ದೈವಶಾಸ್ತ್ರ ಓದುತ್ತಿದ್ದಾಗ ರೋಗ, ಕ್ಷಾಮಗಳೆರಡೂ ನಗರವನ್ನು ಹೊಕ್ಕವು. ಓದನ್ನು ಬದಿಗಿಟ್ಟು ರೋಗಿಗಳನ್ನು ಹೊತ್ತು ಆಸ್ಪತ್ರೆಗೆ ತಂದವರಲ್ಲಿ ಅವರೂ ಒಬ್ಬರು. ಸೋಂಕು ತಗುಲಿತು. ಅದು 1591ನೇ ಇಸವಿ. ಪಾದುವಾದಲ್ಲಿ ಫ್ರಾನ್ಸಿಸ್ ಚೇತರಿಸಿಕೊಂಡು ಪದವಿ ಪಡೆದ ಅದೇ ವರ್ಷ. ಜೂನ್ 21ರಂದು ಅಲೋಶಿಯಸ್ ತೀರಿಕೊಂಡರು. ವಯಸ್ಸು ಇಪ್ಪತ್ತಮೂರು.

ತಂದೆ ಅದಾಗಲೇ ತೀರಿಹೋಗಿದ್ದರು. ತಾಯಿ ಮಾರ್ತಾ ದೂರದ ಊರಿನಲ್ಲಿದ್ದರು. ಸಾವಿಗೆ ಹತ್ತು ಹನ್ನೊಂದು ದಿನಗಳ ಮುಂಚೆ ಅವರು ತಾಯಿಗೆ ಬರೆದ ಪತ್ರ ಉಳಿದುಬಂದಿದೆ. ಧರ್ಮಸಭೆಯು ಅವರ ಹಬ್ಬದ ದಿನದ ಪ್ರಾರ್ಥನಾವಿಧಿಯಲ್ಲಿ ಅದನ್ನು ಓದುತ್ತದೆ. ದೇವರು ಕೊಟ್ಟದ್ದನ್ನು ದೇವರೇ ಹಿಂದಕ್ಕೆ ಕರೆಸಿಕೊಳ್ಳುತ್ತಿದ್ದಾರೆಂದು ತಿಳಿದು ದುಃಖವನ್ನು ತಡೆದುಕೊಳ್ಳಬೇಕೆಂದು ಮಗ ತಾಯಿಯನ್ನು ಸಂತೈಸುತ್ತಾನೆ. ಕೊನೆಯಲ್ಲಿ, ಈ ದಡದಿಂದ ಆ ದಡಕ್ಕೆ ದಾಟಲು ಆಕೆಯ ಆಶೀರ್ವಾದವನ್ನು ಬೇಡುತ್ತಾನೆ.